ನೂರರವರೆಗೆ ಹೇಳಿಸುವ ಆತುರ ಯಾಕೆ?

ನಮಸ್ಕಾರ. ಮೂರು ವರ್ಷದ ಮಗು ಒಂದರಿಂದ ಇಪ್ಪತ್ತರವರೆಗೆ ಪಟಪಟ ಅಂತ ಹೇಳಿದರೆ ಮನೆಮಂದಿಗೆಲ್ಲ ಖುಷಿ. ಖುಷಿಪಡಲೇಬೇಕು. ಆದರೆ ಅದೇ ಮಗುವಿನ ಮುಂದೆ ಒಂದು ರಾಶಿ ಬಟನ್ ಇಟ್ಟು "ನಂಗೆ ನಾಲ್ಕು ಕೊಡು" ಅಂತ ಕೇಳಿ. ಎಷ್ಟೋ ಮಕ್ಕಳು ಕೈಗೆ ಸಿಕ್ಕಷ್ಟು ಬಾಚಿ ಕೊಡುತ್ತಾರೆ.

ಅದು ದಡ್ಡತನ ಅಲ್ಲ. ಸಾಲು ಬಾಯಿಪಾಠ ಆಗಿದೆ, ಎಣಿಕೆ ಇನ್ನೂ ಬಂದಿಲ್ಲ, ಅಷ್ಟೇ. ರೊಶೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು 1978ರಲ್ಲೇ ಎಣಿಕೆಯ ಹಿಂದಿರುವ ಐದು ತತ್ವಗಳನ್ನು ಬಿಡಿಸಿ ಹೇಳಿದ್ದರು. ಅದರಲ್ಲಿ ಒಂದರ ಬಗ್ಗೆ ಮಾತ್ರ ಹೇಳುತ್ತೇನೆ: ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ. ನಮಗೆ ಇದು ಎಷ್ಟು ಸಹಜ ಅಂದರೆ, ಕಲಿಸಬೇಕು ಅಂತಲೇ ಹೊಳೆಯುವುದಿಲ್ಲ. ಮಗು ಬೆರಳಿಟ್ಟು "ಒಂದು, ಎರಡು, ಮೂರು" ಅನ್ನುತ್ತದೆ. "ಹಾಗಾದರೆ ಎಷ್ಟಿದೆ?" ಅಂದರೆ ಮತ್ತೆ ಒಂದರಿಂದ ಶುರು! ಮಕ್ಕಳಿಗೆ ಮೊದಲು 'ಒಂದು ಕೊಡು' ಅರ್ಥ ಆಗುತ್ತದೆ. ತಿಂಗಳುಗಳು ಕಳೆದ ಮೇಲೆ 'ಎರಡು', ಆಮೇಲೆ 'ಮೂರು'. ಅಷ್ಟು ನಿಧಾನ.

ಹಾಗಾಗಿ ಕೈಗೆ ಕೆಲಸ ಕೊಡಿ. ಎಣಿಸುವಾಗ ಒಂದೊಂದನ್ನೂ ಮುಟ್ಟಿ ಪಕ್ಕಕ್ಕೆ ಸರಿಸಲಿ. ಸುಮ್ನೆ ಬೆರಳು ತೋರಿಸುತ್ತಾ ಹೋದರೆ ಬಾಯಿ ಮುಂದೆ ಓಡುತ್ತದೆ, ಬೆರಳು ಹಿಂದೆ ಉಳಿಯುತ್ತದೆ. ಎಲ್ಲ ಸರಿಸಿದ ಮೇಲೆ ಗುಂಪಿನ ಸುತ್ತ ಕೈಯಾಡಿಸಿ "ಒಟ್ಟು ನಾಲ್ಕು" ಅನ್ನಿ. ಅದು ಗಟ್ಟಿಯಾದ ಮೇಲೆ ಐದು ಬಟನ್ ಇಟ್ಟು ಕೆಲವನ್ನು ಅಂಗೈಯಲ್ಲಿ ಮುಚ್ಚಿ, ಎಷ್ಟು ಅಡಗಿವೆ ಅಂತ ಕೇಳಿ. ಕೂಡಿಸುವುದು, ಕಳೆಯುವುದು ಎರಡೂ ಶುರುವಾಗುವುದು ಇಲ್ಲೇ, ಅಲ್ವಾ? (ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸಾದರೆ ಬಟನ್ ಬೇಡ. ನುಂಗಲಾಗದ ದೊಡ್ಡ ವಸ್ತು ಕೊಡಿ.)

ನನಗೆ ತುಂಬಾ ಇಷ್ಟವಾದದ್ದು ಮಾಂಟೆಸ್ಸೋರಿ ತರಗತಿಗಳ ಕಡ್ಡಿ ಪೆಟ್ಟಿಗೆ. ಸೊನ್ನೆಯಿಂದ ಒಂಬತ್ತರವರೆಗೆ ಖಾನೆಗಳು, ಒಟ್ಟು 45 ಕಡ್ಡಿ. ಮಗು ಒಂದೊಂದು ಖಾನೆಗೂ ಎಣಿಸಿ ತುಂಬುತ್ತಾ ಹೋಗಬೇಕು. ನಡುವೆ ಒಂದು ಜಾಸ್ತಿ ಹಾಕಿದರೆ ಒಂಬತ್ತರ ಖಾನೆಗೆ ಬರುವಾಗ ಕಡ್ಡಿ ಸಾಲುವುದಿಲ್ಲ. ಎಲ್ಲೋ ತಪ್ಪಿದೆ ಅಂತ ಮಗುವಿಗೇ ಗೊತ್ತಾಗುತ್ತದೆ. ದೊಡ್ಡವರು ಬಾಯಿ ಬಿಡಬೇಕಾಗಿಲ್ಲ. ಇನ್ನು ಸೊನ್ನೆಯ ಖಾನೆ ಖಾಲಿಯೇ ಇರುತ್ತದೆ. ಸೊನ್ನೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗಂತೂ ಗೊತ್ತಿಲ್ಲ.

ಇಷ್ಟೆಲ್ಲ ಇರುವಾಗ, ಪೆನ್ಸಿಲ್ ಹಿಡಿಯಲೂ ಬಾರದ ಮಗುವಿನ ಕೈಯಲ್ಲಿ ಒಂದರಿಂದ ನೂರು ಬರೆಸುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಅಂಕಿಯ ಆಕಾರ ತಿದ್ದಿದ ಮಾತ್ರಕ್ಕೆ ಏಳು ಅಂದರೆ ಎಷ್ಟು ಅಂತ ತಿಳಿಯುವುದಿಲ್ಲ. ಹೋಮ್‌ವರ್ಕ್ ಅಂತ ಪುಟಗಟ್ಟಲೆ ಬರೆಯಲು ಕೊಟ್ಟರೆ ಟೀಚರ್ ಹತ್ತಿರ ಹೋಗಿ ಮಾತಾಡಿ. ಬರವಣಿಗೆ ಸ್ವಲ್ಪ ದಿನ ಬಿಟ್ಟು, ಮನೆಯಲ್ಲಿ ಐದರೊಳಗಿನ ಆಟ ಆಡಿಸುತ್ತೇವೆ ಅಂತ ಕೇಳಿಕೊಳ್ಳಿ.