ಹಳೆಯ ಯಂತ್ರಕ್ಕೆ ಮೊದಲು ಬೇಕಾದದ್ದು ಬಣ್ಣ ಅಲ್ಲ

ಎಲ್ಲರಿಗೂ ನಮಸ್ಕಾರ. ಇವತ್ತು ಹುಲ್ಲು ಕೊಯ್ಯುವ ಒಂದು ಹಳೆಯ ಯಂತ್ರದ ಪರವಾಗಿ ಮಾತಾಡುತ್ತೇನೆ. ಇದರ ಹೆಸರು ಆಲೆನ್ ಸೈದ್. ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ ಕೌಲಿ ಅಂತ ಒಂದು ಊರಿದೆ. ಅಲ್ಲಿ ಜಾನ್ ಆಲೆನ್ ಆಂಡ್ ಸನ್ಸ್ ಅನ್ನುವ ಕಂಪನಿ 1930ರ ದಶಕದಿಂದ 1973ರವರೆಗೆ ಇದನ್ನು ತಯಾರಿಸಿತು.

ನೋಡಿಲ್ಲದವರಿಗೆ ಹೇಳುತ್ತೇನೆ. ಎರಡು ದೊಡ್ಡ ಚಕ್ರ, ಅದರ ಮೇಲೆ ಒಂದು ಚಿಕ್ಕ ಪೆಟ್ರೋಲ್ ಎಂಜಿನ್, ಹಿಂದೆ ಹಿಡಿದುಕೊಂಡು ನಡೆಯಲು ಎರಡು ಉದ್ದನೆಯ ಹಿಡಿ. ಮುಂದೆ ನೆಲಕ್ಕೆ ತಾಗಿದಂತೆ ಹಲ್ಲು ಹಲ್ಲಿನ ಅಗಲವಾದ ಬ್ಲೇಡು. ಈಗಿನ ಲಾನ್ ಮೂವರ್ ಹಾಗೆ ಬ್ಲೇಡು ಗಿರಗಿರ ತಿರುಗುವುದಿಲ್ಲ. ಎಡಕ್ಕೆ ಬಲಕ್ಕೆ ಸರಿದಾಡುತ್ತದೆ, ಕತ್ತರಿಯ ಹಾಗೆ ಹುಲ್ಲನ್ನು ಬುಡದಲ್ಲೇ ಕೊಯ್ಯುತ್ತದೆ. ಸೊಂಟದೆತ್ತರ ಬೆಳೆದ ಹುಲ್ಲು, ಸಣ್ಣ ಮುಳ್ಳುಪೊದೆ ಎಲ್ಲವೂ ಮಲಗುತ್ತವೆ. ಹುಲ್ಲು ಪುಡಿಯಾಗುವುದಿಲ್ಲ, ಉದ್ದಕ್ಕೇ ಬೀಳುತ್ತದೆ. ಒಣಗಿಸಿ ದನಕ್ಕೆ ಹಾಕಬಹುದು.

ಆ ಕಾರ್ಖಾನೆ ಈಗ ಇಲ್ಲ. ಆ ಜಾಗದಲ್ಲಿ ಅಂಗಡಿಗಳ ಸಂಕೀರ್ಣ ಇದೆ. ಯಂತ್ರಗಳು ಮಾತ್ರ ಇನ್ನೂ ಇವೆ. ಇಂಗ್ಲೆಂಡಿನ ಹಳ್ಳಿಗಳ ಕೊಟ್ಟಿಗೆಗಳಲ್ಲಿ, ಶೆಡ್ಡುಗಳಲ್ಲಿ, ಬೇಲಿ ಪಕ್ಕದಲ್ಲಿ ತುಕ್ಕು ಹಿಡಿದು ನಿಂತಿವೆ. ಇಲ್ಲಿಗೆ ಬಂದು ನೆಲೆಸಿದ ನನ್ನಂಥ ಕನ್ನಡಿಗನ ಶೆಡ್ಡಿನಲ್ಲೂ ಒಂದಿದೆ.

ಇಂಥ ಯಂತ್ರ ಸಿಕ್ಕ ತಕ್ಷಣ ಜನ ಏನು ಮಾಡುತ್ತಾರೆ? ತುಕ್ಕು ಉಜ್ಜುತ್ತಾರೆ, ಬಣ್ಣ ಹೊಡೆಯುತ್ತಾರೆ, ಮೊದಲು ಹೀಗಿತ್ತು ಈಗ ಹೀಗಿದೆ ಅಂತ ವಿಡಿಯೊ ಹಾಕುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಯಂತ್ರ ಗುಜರಿಗೆ ಹೋಗುವುದು ಬಣ್ಣ ಇಲ್ಲದ್ದಕ್ಕೆ ಅಲ್ಲ. ತಿರುಗುವ ಶಾಫ್ಟನ್ನು ಹಿಡಿದಿಡುವ ಒಂದು ಬೇರಿಂಗ್, ಎಣ್ಣೆ ಸೋರದಂತೆ ತಡೆಯುವ ಒಂದು ಆಯಿಲ್ ಸೀಲ್, ಸ್ಪಾರ್ಕ್ ಬರಲು ಬೇಕಾದ ಒಂದು ಕಂಡೆನ್ಸರ್ ಸಿಗದೇ ಹೋದದ್ದಕ್ಕೆ. ಅದು ಸಿಗದೇ ಇರುವುದಕ್ಕೂ ಕಾರಣ ಅಂಗಡಿಯಲ್ಲಿ ಇಲ್ಲ ಅಂತಲ್ಲ. ಏನು ಕೇಳಬೇಕು ಅಂತ ಗೊತ್ತಿಲ್ಲದ್ದೇ ಎಷ್ಟೋ ಸಲ ಕಾರಣ.

ಬೇರಿಂಗ್ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹಳೆಯ ಬ್ರಿಟಿಷ್ ಯಂತ್ರಗಳ ಅಳತೆ ಇಂಚಿನಲ್ಲಿ ಇರುತ್ತದೆ. ಒಂದು ಇಂಚಿನ ಶಾಫ್ಟ್‌ಗೆ ಕೂರುವ ಬೇರಿಂಗ್ ಮೇಲೆ ಒಬ್ಬ ತಯಾರಕ ಎಲ್‌ಜೆ1 ಅಂತ ಕೊರೆದಿರುತ್ತಾನೆ, ಇನ್ನೊಬ್ಬ ಆರ್‌ಎಲ್‌ಎಸ್8 ಅಂತ. ಎರಡರ ಅಳತೆಯೂ ಒಂದೇ. ಒಳಗೆ 1 ಇಂಚು, ಹೊರಗೆ 2¼ ಇಂಚು, ದಪ್ಪ ⅝ ಇಂಚು. ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ. ಇದು ಗೊತ್ತಿಲ್ಲದವರು ಪಕ್ಕದ ಅಂಗಡಿಯಿಂದ ಮಿಲಿಮೀಟರ್ ಅಳತೆಯ ಮಾಮೂಲಿ 6205 ಬೇರಿಂಗ್ ತಂದು ನೋಡುತ್ತಾರೆ. ಅದರ ಒಳಗಿನ ಅಳತೆ 25 ಮಿಲಿಮೀಟರ್. ಒಂದು ಇಂಚು ಅಂದರೆ 25.4. ಕೂರುವುದೇ ಇಲ್ಲ. ಅಲ್ಲಿಗೆ ‘ಇದರ ಪಾರ್ಟ್ ಎಲ್ಲೂ ಸಿಗಲ್ಲ’ ಅಂತ ಕೈಚೆಲ್ಲುತ್ತಾರೆ. ಅವರು ‘ಆಲೆನ್ ಸೈದ್ ಬೇರಿಂಗ್’ ಅಂತ ಹುಡುಕಿರುತ್ತಾರೆ. ಕ್ಯಾಲಿಪರ್ ಹಿಡಿದು ಅಳತೆ ತೆಗೆದು, ಆ ಅಳತೆಯ ಮೇಲೆ ಹುಡುಕಿದ್ದರೆ ಸಿಗುತ್ತಿತ್ತು.

ನಟ್ಟು ಬೋಲ್ಟಿನದೂ ಇದೇ ಕತೆ. ಇಂಗ್ಲಿಷ್ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಥ್ರೆಡ್ಡಿನ, ಅಂದರೆ ಬೋಲ್ಟಿನ ಮೇಲಿನ ಸುರುಳಿ ಗೀರಿನ, ಕೋನ 55 ಡಿಗ್ರಿ. ಈಗಿನ ಮೆಟ್ರಿಕ್ ಥ್ರೆಡ್ಡಿಗೆ 60. ಹತ್ತಿರದ ಅಳತೆಯ ಬೋಲ್ಟ್ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬಲ ಹಾಕಿದರೆ ಕೇಸಿಂಗ್ ಒಳಗಿನ ಥ್ರೆಡ್ ಹಾಳು. ದಯವಿಟ್ಟು ಮೆಟ್ರಿಕ್ ಸ್ಪ್ಯಾನರ್ ಹಾಕಿ ಹಳೆಯ ನಟ್ಟಿನ ಮೂಲೆ ಸವೆಸಬೇಡಿ. ವಿಟ್‌ವರ್ತ್ ಸ್ಪ್ಯಾನರುಗಳ ಹಳೆಯ ಸೆಟ್ ಇಲ್ಲಿನ ಸಂತೆಗಳಲ್ಲಿ ಸುಲಭವಾಗಿ ಸಿಗುತ್ತದೆ. ಯಂತ್ರಕ್ಕಿಂತ ಮುಂಚೆ ಅದನ್ನು ಕೊಳ್ಳಿ.

ಈಗ ಎಂಜಿನ್ನಿಗೆ ಬರೋಣ. ಈ ಯಂತ್ರಗಳಲ್ಲಿ ಬಹಳಷ್ಟಕ್ಕೆ ಇರುವುದು ವಿಲಿಯರ್ಸ್ ಎಂಜಿನ್. ವುಲ್ವರ್‌ಹ್ಯಾಂಪ್ಟನ್‌ನ ಕಂಪನಿ. 1956ರ ಹೊತ್ತಿಗೇ 20 ಲಕ್ಷ ಎಂಜಿನ್ ಮಾಡಿ ಮುಗಿಸಿತ್ತು. ಮೋಟಾರ್ ಸೈಕಲ್ಲು, ಪಂಪು, ಹುಲ್ಲಿನ ಯಂತ್ರ ಎಲ್ಲಕ್ಕೂ ಕೊಡುತ್ತಿತ್ತು. ಅದಕ್ಕೇ ಇದರ ಪಾರ್ಟ್ಸ್ ಇನ್ನೂ ಓಡಾಡುತ್ತಿವೆ. ಆದರೆ ‘ವಿಲಿಯರ್ಸ್’ ಅಂತ ಮಾತ್ರ ಹೇಳಿದರೆ ಸಾಲದು. ಎಂಜಿನ್ ನಂಬರಿನ ಮೊದಲಲ್ಲಿ ಕೆಲವು ಅಂಕಿ, ಅಕ್ಷರ ಇರುತ್ತವೆ. ಅದು ಯಾವ ಮಾದರಿ, ಯಾವ ಕೆಲಸಕ್ಕೆ ಮಾಡಿದ್ದು ಅನ್ನುವುದು ತಿಳಿಯುವುದು ಅದರಿಂದಲೇ. ದುಡ್ಡು ಕೊಡುವ ಮೊದಲು ತಂತಿ ಬ್ರಷ್ ತೆಗೆದುಕೊಂಡು ಮೆಲ್ಲಗೆ ಉಜ್ಜಿ ಆ ನಂಬರ್ ಓದಿ.

ಸ್ಪಾರ್ಕ್ ಬರುತ್ತಿಲ್ಲ ಅಂದರೆ ಹೆದರಬೇಡಿ. ಎಂಜಿನ್ ಶಾಫ್ಟಿನ ತುದಿಗೆ ಕೂರಿಸಿದ ಭಾರದ ಚಕ್ರವೇ ಫ್ಲೈವೀಲ್. ಅದರ ಒಳಗೆ ಸ್ಪಾರ್ಕಿಗಾಗಿ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ಇರುತ್ತದೆ. ಆ ಪಾಯಿಂಟಿಗೆ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಕಂಡೆನ್ಸರ್ ಸತ್ತಿರುತ್ತದೆ. ಆ ಫ್ಲೈವೀಲ್ ಬಿಚ್ಚುವಾಗ ಒಂದು ವಿಷಯ ನೆನಪಿರಲಿ. ನಡುವಿನ ನಟ್ಟು ಮೊದಲು ಬಿಗಿಯಾಗಿರುತ್ತದೆ, ಸ್ಪ್ಯಾನರಿಗೆ ಸುತ್ತಿಗೆ ಏಟು ಕೊಟ್ಟಾಗ ಸಡಿಲವಾಗುತ್ತದೆ. ಸ್ವಲ್ಪ ತಿರುಗಿಸಿದ ಮೇಲೆ ಮತ್ತೆ ಬಿಗಿಯಾಗುತ್ತದೆ. ಏನೋ ಸಿಕ್ಕಿಕೊಂಡಿತು ಅಂತ ಜನ ಅಲ್ಲೇ ನಿಲ್ಲಿಸುತ್ತಾರೆ, ಬೆಣೆ ಹಾಕಿ ಎಬ್ಬಲು ಹೋಗಿ ಫ್ಲೈವೀಲನ್ನೇ ಒಡೆಯುತ್ತಾರೆ. ನಿಜವಾಗಿ ಆ ಎರಡನೇ ಬಿಗಿಯೇ ಫ್ಲೈವೀಲನ್ನು ಶಾಫ್ಟಿನಿಂದ ಎಳೆದು ತೆಗೆಯುವುದು. ಆ ನಟ್ಟನ್ನು ಮಾಡಿರುವುದೇ ಹಾಗೆ. ಬೇರೆ ಪುಲ್ಲರ್ ಬೇಕಿಲ್ಲ. ಎಂಥ ಒಳ್ಳೆಯ ಕೆಲಸ ನೋಡಿ! ಮುಂದೆ ಒಬ್ಬ ಇದನ್ನು ಬಿಚ್ಚಿ ರಿಪೇರಿ ಮಾಡುತ್ತಾನೆ ಅಂತ ಅದನ್ನು ಮಾಡಿದವನಿಗೆ ಗೊತ್ತಿತ್ತು.

ಪೆಟ್ರೋಲ್ ಬಗ್ಗೆ ಒಂದೇ ಮಾತು. ಬ್ರಿಟನ್ನಿನಲ್ಲಿ 2021ರಿಂದ ಮಾಮೂಲಿ ಪೆಟ್ರೋಲ್ ಅಂದರೆ ಶೇ. 10ರವರೆಗೆ ಎಥನಾಲ್ ಇರುವ ಇ10. ಹಳೆಯ ರಬ್ಬರ್ ಪೈಪಿಗೂ ಕಾರ್ಕಿಗೂ ಅದು ಆಗಿಬರುವುದಿಲ್ಲ. ಪೈಪ್ ಬದಲಿಸಿ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ. ಹಾಗೇ ಬ್ಲೇಡಿಗೆ ಕೈ ಹಾಕುವ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಡಿ. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಇನ್ನು ನನಗೆ ನಿಜವಾಗಿ ಬೇಸರ ತರುವ ವಿಷಯ. ಓಡಿಸಬಹುದಾದ ಯಂತ್ರವನ್ನೇ ಬಿಚ್ಚಿ, ಒಂದೊಂದು ಪಾರ್ಟನ್ನೂ ಬೇರೆ ಬೇರೆ ಮಾರುವವರು ಇದ್ದಾರೆ. ಹೀಗೆ ಮಾರಿದರೆ ದುಡ್ಡು ಜಾಸ್ತಿ, ಸರಿ. ಆದರೆ ಒಂದು ಕಾರ್ಬ್ಯುರೇಟರ್‌ಗಾಗಿ ಒಂದು ಇಡೀ ಯಂತ್ರ ಹೋಗುತ್ತದೆ. ತಪ್ಪು ಅವರದು ಮಾತ್ರ ಅಂತ ನಾನು ಹೇಳುವುದಿಲ್ಲ. ಪಾರ್ಟಿನ ಡ್ರಾಯಿಂಗ್ ಎಲ್ಲರಿಗೂ ಸಿಗುತ್ತಿದ್ದರೆ ಲೇತ್ ಇರುವ ಯಾವ ಟರ್ನರ್ ಆದರೂ ಒಂದು ಬುಶ್, ಒಂದು ಪಿನ್ ಮಾಡಿಕೊಡುತ್ತಿದ್ದ. ಹೊಸದು ಮಾಡುವುದು ಹಳೆಯದನ್ನು ಕೊಲ್ಲುವುದಕ್ಕಿಂತ ಅಗ್ಗವಾಗುತ್ತಿತ್ತು.

ಅದಕ್ಕೇ ನನ್ನ ವಾದ ಇಷ್ಟು. ಕಂಪನಿ ಒಂದು ಪಾರ್ಟ್ ಮಾಡುವುದನ್ನು ನಿಲ್ಲಿಸಿದ ದಿನ ಅದರ ಅಳತೆ, ಲೋಹ, ಡ್ರಾಯಿಂಗ್ ಎಲ್ಲವನ್ನೂ ಜನರಿಗೆ ಬಿಟ್ಟುಕೊಡಬೇಕು. ತಾನೂ ಮಾರುವುದಿಲ್ಲ, ಬೇರೆಯವರು ಮಾಡಿಕೊಳ್ಳಲೂ ಬಿಡುವುದಿಲ್ಲ ಅನ್ನುವುದು ಯಾವ ನ್ಯಾಯ? ಬ್ರಿಟನ್ನಿನಲ್ಲಿ 2021ರ ಜುಲೈನಿಂದ ವಾಷಿಂಗ್ ಮೆಷಿನ್, ಫ್ರಿಜ್, ಟೀವಿಗಳಿಗೆ ಇಷ್ಟು ವರ್ಷ ಬಿಡಿಭಾಗ ಕೊಡಲೇಬೇಕು ಅಂತ ನಿಯಮ ಬಂದಿದೆ. ಹುಲ್ಲು ಕೊಯ್ಯುವ ಯಂತ್ರ ಆ ಪಟ್ಟಿಯಲ್ಲಿ ಇಲ್ಲ. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಅದರಲ್ಲಿ ಕೃಷಿ ಉಪಕರಣಗಳನ್ನೂ ಸೇರಿಸಿದ್ದಾರೆ. ಇದು ನನಗೆ ತುಂಬಾ ಹಿಡಿಸಿತು. ಯಂತ್ರ ಕೆಟ್ಟು ನಿಂತರೆ ಹೆಚ್ಚು ಕಳೆದುಕೊಳ್ಳುವವನು ರೈತನೇ ಅಲ್ವಾ? ಆದರೆ ಪೋರ್ಟಲ್ ಒಂದೇ ಸಾಲದು. ಡ್ರಾಯಿಂಗ್ ಕೊಡಲೇಬೇಕು ಅನ್ನುವ ಕಾನೂನು ಬೇಕು.

ನಮ್ಮ ಊರಿನವರಿಗೆ ಈ ವಿಲಿಯರ್ಸ್ ಹೊಸದೇನಲ್ಲ. ಎನ್‌ಫೀಲ್ಡ್ ಇಂಡಿಯಾದ ಫ್ಯಾಂಟಾಬ್ಯುಲಸ್ ಸ್ಕೂಟರಿಗೆ ಇದ್ದದ್ದು ವಿಲಿಯರ್ಸ್ ಎಂಜಿನ್ನೇ. ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಎಂಕೆ 25 ಪಂಪ್‌ಸೆಟ್ ನಮ್ಮ ಹೊಲ ಗದ್ದೆಗಳಲ್ಲಿ ನೀರೆತ್ತಿದೆ. ಆ ಎಂಕೆ 25 ಅನ್ನುವ ಹೆಸರು ಬಂದಿರುವುದು ಇದೇ ವಿಲಿಯರ್ಸ್ ಮನೆತನದಿಂದ. ಹೆಸರು ಒಂದೇ ಅಂತ ಪಾರ್ಟ್ ಕೂಡ ಒಂದೇ ಆಗಬೇಕೆಂದಿಲ್ಲ. ಅಳೆದು, ಹೋಲಿಸಿ ನೋಡಿಯೇ ತರಿಸಬೇಕು.

ಇಲ್ಲಿಯೇ ನಿಮ್ಮ ಸಹಾಯ ಬೇಕಾಗಿರುವುದು. ನಿಮ್ಮ ಅಟ್ಟದ ಮೇಲೆ ಎಂಕೆ 25ರ ಹಳೆಯ ಕೈಪಿಡಿ, ಪಾರ್ಟ್ಸ್ ಪಟ್ಟಿ ಇದ್ದರೆ ಎಣ್ಣೆ ಕಲೆ ಆಗಿದೆ ಅಂತ ಎಸೆಯಬೇಡಿ. ಪ್ರತಿ ಪುಟದ ಫೋಟೊ ತೆಗೆದು ಕಮೆಂಟಿನಲ್ಲಿ ತಿಳಿಸಿ. ಆ ಎಂಜಿನ್ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಅಣ್ಣಂದಿರು ಇನ್ನೂ ಇದ್ದಾರೆ. ಅವರ ಹತ್ತಿರ ಕೂತು ಯಾವ ಬೇರಿಂಗ್ ಹಾಕುತ್ತಿದ್ದರು, ಯಾವ ಸೀಲ್ ಕೂರುತ್ತಿತ್ತು ಅಂತ ಕೇಳಿ ಬರೆದುಕೊಳ್ಳಿ. ಮುಂದಿನ ವಿಡಿಯೊದಲ್ಲಿ ನೀವು ಕಳಿಸಿದ ಅಳತೆಗಳನ್ನೂ ನನ್ನ ಹತ್ತಿರ ಇರುವ ಎಂಜಿನ್ನಿನ ಅಳತೆಗಳನ್ನೂ ಒಂದೇ ಪಟ್ಟಿಯಲ್ಲಿ ಹಾಕಿ, ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಕೊಡುತ್ತೇನೆ.