ವಿನ್ಯಾಸದ ಫೈಲಿಗೆ ಮೊದಲು ಬೇಕಾದದ್ದು ಬೀಗ

ನಮಸ್ಕಾರ. ನಾಲ್ಕು ಜನ ಎಂಜಿನಿಯರುಗಳು ಒಂದೇ ಯಂತ್ರದ ವಿನ್ಯಾಸದಲ್ಲಿ ತೊಡಗಿರುವ ಕಡೆ, ‘ನಾವೂ ಸಾಫ್ಟ್‌ವೇರಿನವರ ಹಾಗೆ ಗಿಟ್ ಬಳಸೋಣ’ ಎಂಬ ಮಾತು ಇಂದಲ್ಲ ನಾಳೆ ಬಂದೇ ಬರುತ್ತದೆ. ಗಿಟ್ ಎಂದರೆ ಫೈಲುಗಳಲ್ಲಿ ಆದ ಬದಲಾವಣೆಗಳನ್ನು ದಾಖಲಿಸಿಡುವ, ಅಂದರೆ ಆವೃತ್ತಿ ನಿಯಂತ್ರಣದ, ತಂತ್ರಾಂಶ. ಅದನ್ನು ಬಳಸುವುದಕ್ಕೆ ನನ್ನ ತಕರಾರಿಲ್ಲ. ಹೆಸರಿನ ಕೊನೆಗೆ ದಿನಾಂಕ ಅಂಟಿಸಿದ ಹತ್ತಾರು ಪ್ರತಿಗಳನ್ನು ಒಂದು ಫೋಲ್ಡರಿನಲ್ಲಿ ಗುಡ್ಡೆ ಹಾಕುವುದಕ್ಕಿಂತ ಯಾವ ಆವೃತ್ತಿ ನಿಯಂತ್ರಣವಾದರೂ ಲೇಸು. ಆದರೆ ಅವರ ಉಪಕರಣದ ಜೊತೆಗೆ, ಒಂದೇ ಫೈಲನ್ನು ಹಲವರು ಒಟ್ಟಿಗೆ ತಿದ್ದಿ ಆಮೇಲೆ ಕೂಡಿಸುವ ಅವರ ರೂಢಿಯನ್ನೂ ಇಡಿಯಾಗಿ ತಂದುಕೊಳ್ಳುವುದು ತಪ್ಪು ಎಂಬುದು ನನ್ನ ವಾದ.

2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆದದ್ದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನ ಕೆಲಸಕ್ಕಾಗಿ, ಅಂದರೆ ಸಾಲು ಸಾಲಾಗಿ ಓದಬಹುದಾದ ಪಠ್ಯಕ್ಕಾಗಿ. ಇಬ್ಬರು ಒಂದೇ ಫೈಲಿನ ಬೇರೆ ಬೇರೆ ಸಾಲುಗಳನ್ನು ತಿದ್ದಿದರೆ ಅದು ಎರಡನ್ನೂ ಹೊಂದಿಸಿ ಒಂದು ಮಾಡಬಲ್ಲದು. ಆದರೆ ಯಂತ್ರಭಾಗಗಳನ್ನು ವಿನ್ಯಾಸ ಮಾಡುವ ತಂತ್ರಾಂಶವಾದ ಸಾಲಿಡ್‌ವರ್ಕ್ಸ್‌ನ ಪಾರ್ಟ್ (ಬಿಡಿಭಾಗದ) ಫೈಲು ಪಠ್ಯವಲ್ಲದೆ ಬೈನರಿಯಾದ್ದರಿಂದ ಅದರಲ್ಲಿ ಹಾಗೆ ಓದಬಹುದಾದ ಸಾಲುಗಳೇ ಇಲ್ಲ. ಒಬ್ಬರು ಬ್ರಾಕೆಟ್ಟಿನ ತೂತನ್ನು 8 ಮಿ.ಮೀ.ನಿಂದ 10 ಮಿ.ಮೀ.ಗೆ ಹಿಗ್ಗಿಸಿ, ಅದೇ ಹೊತ್ತಿನಲ್ಲಿ ಇನ್ನೊಬ್ಬರು ಅದರ ದಪ್ಪವನ್ನು ಬದಲಿಸಿದರೆ, ಇಬ್ಬರಲ್ಲಿ ಒಬ್ಬರ ಫೈಲನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಬೇಕೇ ಹೊರತು ಎರಡನ್ನೂ ಕೂಡಿಸುವ ದಾರಿ ಗಿಟ್‌ಗೆ ಗೊತ್ತಿಲ್ಲ. ನಾನಿದ್ದ ಒಂದು ಸಣ್ಣ ತಂಡದಲ್ಲಿ ಹೀಗೇ ಆಯಿತು: ತಮ್ಮ ತಿದ್ದುಪಡಿ ಕಳೆದುಕೊಂಡವರು ಅದನ್ನು ನೆನಪಿನಿಂದ ಮತ್ತೆ ಮಾಡಿದರು, ತೂತು ಮರೆತುಹೋಯಿತು, ಜೋಡಣೆಯ ಮೇಜಿನ ಮೇಲೆ ಬೋಲ್ಟು ಒಳಗೆ ಹೋಗದಿದ್ದಾಗಲೇ ಅದು ಬಯಲಾದದ್ದು.

ಪಠ್ಯದ ಫೈಲಾದರೆ ಈ ಕಷ್ಟವಿಲ್ಲವಲ್ಲ ಎಂದು ಕೆಲವರು ಸರ್ಕ್ಯೂಟ್ ವಿನ್ಯಾಸದ ತಂತ್ರಾಂಶವಾದ ಕೀಕ್ಯಾಡ್‌ನತ್ತ ಬೆರಳು ತೋರಿಸುತ್ತಾರೆ. ಅದರ ಫೈಲುಗಳು ಪಠ್ಯವೇ ನಿಜ, ಸ್ಕೀಮ್ಯಾಟಿಕ್ಕನ್ನು (ಸರ್ಕ್ಯೂಟಿನ ನಕ್ಷೆಯನ್ನು) ಹಲವು ಹಾಳೆಗಳಾಗಿ ಒಡೆದರೆ ಪ್ರತಿ ಹಾಳೆಯೂ ಬೇರೆ ಫೈಲಾಗಿ, ಕೆಲಸ ಹಂಚಿಕೊಳ್ಳುವುದು ಸುಲಭವಾಗುತ್ತದೆ. ಆದರೆ ಸರ್ಕ್ಯೂಟ್ ಬೋರ್ಡು ಒಂದೇ ಫೈಲು. ಇಬ್ಬರು ಎಳೆದ ತಾಮ್ರದ ಗೆರೆಗಳನ್ನು ಗಿಟ್ ಚಕಾರವೆತ್ತದೆ ಕೂಡಿಸಬಹುದು, ಕೂಡಿಸಿದ ಮೇಲೆ ಆ ಗೆರೆಗಳು ಒಂದರ ಮೇಲೊಂದು ಹಾದು ಶಾರ್ಟ್ ಆಗಿರಲೂಬಹುದು. ಸಾಲುಗಳು ಹೊಂದಿಕೊಂಡವು ಎಂದರೆ ಆಕಾರಗಳೂ ಹೊಂದಿಕೊಂಡವು ಎಂದರ್ಥವಲ್ಲ.

ಆದ್ದರಿಂದಲೇ ಬೀಗದ ಮಾತು. ತಿದ್ದುವ ಮುನ್ನ ಫೈಲನ್ನು ತನ್ನ ಹೆಸರಿಗೆ ಹಿಡಿದುಕೊಳ್ಳುವುದು, ಮುಗಿದ ಮೇಲೆ ಬಿಟ್ಟುಕೊಡುವುದು: 1980ರ ದಶಕದ ಆವೃತ್ತಿ ನಿಯಂತ್ರಣ ತಂತ್ರಾಂಶವಾದ ಆರ್‌ಸಿಎಸ್ ಕಾಲದ ಈ ಪದ್ಧತಿಯನ್ನು ಸಾಫ್ಟ್‌ವೇರಿನವರು ಹಳತೆಂದು ಬದಿಗಿಟ್ಟರು. ಆದರೂ ಗಿಟ್ ಹುಟ್ಟಿದ ಅದೇ 2005ರಲ್ಲಿ ಅಂಥದೇ ಇನ್ನೊಂದು ತಂತ್ರಾಂಶವಾದ ಸಬ್‌ವರ್ಷನ್ ತನ್ನ 1.2 ಆವೃತ್ತಿಯಲ್ಲಿ ಬೀಗವನ್ನು ಸೇರಿಸಿಕೊಂಡಿತು, 2017ರಲ್ಲಿ ದೊಡ್ಡ ಫೈಲುಗಳಿಗಾಗಿ ಗಿಟ್‌ಗೆ ಜೋಡಿಸಿಕೊಳ್ಳುವ ಗಿಟ್ ಎಲ್‌ಎಫ್‌ಎಸ್ ಕೂಡ ಅದೇ ದಾರಿಗೆ ಬಂತು. ಎರಡರಲ್ಲೂ, ಹಾಗೆ ಹೊಂದಿಸಿಟ್ಟರೆ, ಬೀಗ ಪಡೆಯುವವರೆಗೆ ಫೈಲು ಓದಲಷ್ಟೇ ತೆರೆದುಕೊಳ್ಳುತ್ತದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಬೆಲೆಬಾಳುವ ಅಂಶ ಇದೇ. ಏಕೆಂದರೆ ಅಸೆಂಬ್ಲಿಯನ್ನು (ಹಲವು ಪಾರ್ಟುಗಳನ್ನು ಜೋಡಿಸಿದ ಫೈಲನ್ನು) ಸುಮ್ಮನೆ ನೋಡಲು ತೆರೆದರೂ ಸಾಲಿಡ್‌ವರ್ಕ್ಸ್ ಒಳಗಿನ ಪಾರ್ಟುಗಳನ್ನು ಮರುಲೆಕ್ಕ ಹಾಕಿ, ಮುಚ್ಚುವಾಗ ‘ಉಳಿಸಬೇಕೇ’ ಎಂದು ಕೇಳುವುದುಂಟು. ಅಭ್ಯಾಸಬಲದಿಂದ ಹೂಂ ಎಂದರೆ, ಮುಟ್ಟದೇ ಇದ್ದ ಪಾರ್ಟುಗಳೂ ತಿದ್ದಿದವುಗಳ ಪಟ್ಟಿಗೆ ಸೇರಿ, ನಿಜವಾಗಿ ಬದಲಾದದ್ದು ಯಾವುದು ಎಂಬುದು ಆ ರಾಶಿಯಲ್ಲಿ ಕಳೆದುಹೋಗುತ್ತದೆ.

ಬೀಗಕ್ಕೂ ಕಾಟವಿದೆ. ಹಬ್ಬಕ್ಕೆ ಊರಿಗೆ ಹೋದವರು ಮುಖ್ಯ ಅಸೆಂಬ್ಲಿಯ ಬೀಗ ಬಿಡುವುದನ್ನು ಮರೆತರೆ ಉಳಿದವರು ಕೈಕಟ್ಟಿ ಕೂರಬೇಕಾಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಅಸೆಂಬ್ಲಿಯನ್ನು ಸಣ್ಣ ಉಪಜೋಡಣೆಗಳಾಗಿ ಒಡೆದು ಒಂದೊಂದನ್ನೂ ಒಬ್ಬೊಬ್ಬರಿಗೆ ಒಪ್ಪಿಸುವುದು, ಮತ್ತು ಸಂಜೆ ಮನೆಗೆ ಹೊರಡುವ ಮುನ್ನ ತಮ್ಮ ಬೀಗಗಳನ್ನು ನೋಡಿಕೊಳ್ಳುವ ರೂಢಿ ಹಾಕಿಸುವುದು. ಬಲವಂತವಾಗಿ ಬೀಗ ಮುರಿಯುವ ಅಧಿಕಾರವನ್ನು ಇಬ್ಬರಿಗಿಂತ ಹೆಚ್ಚು ಜನರಿಗೆ ಕೊಡಬಾರದು. ಮುರಿಯುವವರೂ ಮೊದಲು ಬೀಗ ಹಾಕಿದವರಿಗೆ ಫೋನು ಮಾಡಿ, ಅವರ ಲ್ಯಾಪ್‌ಟಾಪಿನಲ್ಲಿ ಇನ್ನೂ ಸರ್ವರ್ ಕಂಪ್ಯೂಟರಿಗೆ ಬಾರದ ಕೆಲಸವೇನಾದರೂ ಉಳಿದಿದೆಯೇ ಎಂದು ಕೇಳಬೇಕು.