ಮುಳ್ಳು ಎಲ್ಲಿ ನಿಂತಿದೆ ನೋಡಿ

ಕೇಳುಗರೇ, ನಮಸ್ಕಾರ. ಪುಣೆ, ಮುಂಬೈ, ಗೋವಾದಲ್ಲಿ ಕೂತು ಕನ್ನಡ ಕೇಳುತ್ತಿರುವ ಎಲ್ಲರಿಗೂ. ನಾನು ಬೆಳಗಾವಿಯವನು. ಉದ್ಯಮಬಾಗದಲ್ಲಿ ಲೇತ್ ಹಿಡಿದು ಕೆಲಸ ಕಲಿತೆ. ಇಪ್ಪತ್ತಾರು ವರ್ಷದಿಂದ ಇಲ್ಲೇ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಶೆಡ್ ಇಟ್ಟುಕೊಂಡು ಎಂಜಿನ್ ಹೆಡ್, ಅಂದರೆ ವಾಲ್ವ್‌ಗಳು ಕೂರುವ ಮೇಲಿನ ಭಾಗ, ಅದರ ಕೆಲಸ ಮಾಡುತ್ತೇನೆ. ಇವತ್ತು ಮಾತಾಡಬೇಕಾದವರು ಬೇರೆ ಯಾರೋ ಇದ್ದರಂತೆ, ಅವರು ಬರಲಿಲ್ಲ, ನಿನ್ನೆ ಸಂಜೆ ನನಗೆ ಫೋನ್ ಬಂತು. ವಿಷಯ ನೀವೇ ಆರಿಸಿ ಅಂದರು. ಕ್ಯಾಮ್‌ಶಾಫ್ಟ್ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

ಇರಲಿ. ಈ ಮಾತು ಯಾರಿಗೆ ಅಂದರೆ, ಸ್ಪೋರ್ಟ್ಸ್ ಕಾರು ಇಟ್ಟುಕೊಂಡು ಅದರಲ್ಲೇ ದಿನಾ ಆಫೀಸಿಗೆ ಹೋಗಿ ಬರುವವರಿಗೆ. ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು, ಮಗನ ಗಾಡಿಯ ಗಲಾಟೆಗೆ ಬೈಯುತ್ತಿರುವ ತಾಯಂದಿರು ಇದ್ದರೆ ನೀವೂ ಕೇಳಿ. ನಿಮಗೇ ಜಾಸ್ತಿ ಉಪಯೋಗ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಟೈಮ್ ಸಾಲಲ್ಲ. ಪರ್ಫಾರ್ಮೆನ್ಸ್ ಕ್ಯಾಮ್ ತಗೊಳ್ಳುವ ಮೊದಲು ಒಂದು ವಾರ ನಿಮ್ಮ ಆರ್‌ಪಿಎಂ ಮೀಟರಿನ ಮುಳ್ಳು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುತ್ತದಲ್ಲ ಅದು, ಎಲ್ಲಿ ನಿಂತಿರುತ್ತದೆ ನೋಡಿ. ನೋಡಿ ಬರೆದಿಡಿ. ಅಷ್ಟೇ ನನ್ನ ಭಾಷಣ. ಉಳಿದದ್ದೆಲ್ಲ ಇದರ ವಿವರ.

ಈಗ ಕ್ಯಾಮ್ ಅಂದರೇನು. ಎಂಜಿನ್ ಉಸಿರಾಡುವುದು ವಾಲ್ವ್‌ಗಳಿಂದ. ವಾಲ್ವ್ ಯಾವಾಗ ತೆಗೆಯಬೇಕು, ಎಷ್ಟು ತೆಗೆಯಬೇಕು, ಯಾವಾಗ ಮುಚ್ಚಬೇಕು ಅಂತ ತೀರ್ಮಾನ ಮಾಡುವುದು ಕ್ಯಾಮ್. ಉದ್ದನೆಯ ಸರಳು, ಅದರ ಮೇಲೆ ಕೋಳಿಮೊಟ್ಟೆ ಆಕಾರದ ಉಬ್ಬುಗಳು. ಉಬ್ಬಿಗೆ ಲೋಬ್ ಅಂತೀವಿ. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಸರಳು, ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಎಂಜಿನ್ 6000 ಆರ್‌ಪಿಎಂನಲ್ಲಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆಗೆದು ಮುಚ್ಚುತ್ತದೆ. ಐವತ್ತು ಸಲ!

ಮುಂಬೈಯವರಿಗೆ ಹೇಳುವುದು ಸುಲಭ. ಸಂಜೆ ಆರು ಗಂಟೆಗೆ ದಾದರ್ ಸ್ಟೇಷನ್ ನೆನಪು ಮಾಡಿಕೊಳ್ಳಿ. ಲೋಕಲ್ ಬಂದು ನಿಲ್ಲುತ್ತದೆ. ಬಾಗಿಲು ಎಷ್ಟು ಅಗಲ ಅನ್ನುವುದು ಲಿಫ್ಟ್. ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಡ್ಯುರೇಶನ್, ಇದನ್ನು ಕ್ರ್ಯಾಂಕಿನ ಡಿಗ್ರಿಯಲ್ಲಿ ಅಳೆಯುತ್ತೇವೆ. ಇಳಿಯುವವರು ಇನ್ನೂ ಇಳಿಯುತ್ತಿರುವಾಗಲೇ ಹತ್ತುವವರು ನುಗ್ಗುತ್ತಾರಲ್ಲ, ಆ ಹೊತ್ತು ಓವರ್‌ಲ್ಯಾಪ್. ಅಂದರೆ ಹೊಗೆ ಹೋಗುವ ವಾಲ್ವೂ ತೆರೆದಿದೆ, ಗಾಳಿ ಬರುವ ವಾಲ್ವೂ ತೆರೆದಿದೆ. ಎಂಜಿನ್ ಜೋರಾಗಿ ತಿರುಗುವಾಗ ಹೊಗೆ ಎಷ್ಟು ರಭಸದಲ್ಲಿ ಹೊರಗೆ ಹೋಗುತ್ತದೆ ಅಂದರೆ ಹಿಂದೆಯೇ ಹೊಸ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಅಲ್ಲಿ ಓವರ್‌ಲ್ಯಾಪ್ ಲಾಭ. ನಿಧಾನ ತಿರುಗುವಾಗ ಆ ರಭಸ ಇಲ್ಲ. ಹೊಗೆ ವಾಪಸ್ ಒಳಗೇ ಬರುತ್ತದೆ, ಪೆಟ್ರೋಲ್ ಸುಡದೆ ಸೈಲೆನ್ಸರಿಗೆ ಹೋಗುತ್ತದೆ, ಎಂಜಿನ್ ನಿಂತಲ್ಲೇ ಕುಣಿಯುತ್ತದೆ.

ಆ ಕುಣಿತದ ಶಬ್ದ ಇದೆಯಲ್ಲ, ಗಡ್-ಗಡ-ಗಡ್, ಅದಕ್ಕೇ ನಮ್ಮ ಹುಡುಗರು ಮರುಳಾಗುವುದು. ವಿಡಿಯೋದಲ್ಲಿ ಕೇಳುತ್ತಾರೆ, ಅದೇ ಬೇಕು ಅಂತಾರೆ. ಶಬ್ದ ಕೇಳಿ ಕ್ಯಾಮ್ ಕೊಂಡವರು ನನ್ನ ಶೆಡ್‌ಗೆ ಬರುವುದು ತಪ್ಪುವುದಿಲ್ಲ, ನನಗೇನೋ ಕೆಲಸ ಸಿಗುತ್ತದೆ, ಆದರೆ ಬೇಜಾರಾಗುತ್ತದೆ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹುಬ್ಬಳ್ಳಿ ಕಡೆಯವನು, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಕೋಥ್ರೂಡ್‌ನಲ್ಲಿ ಮನೆ. ಎರಡು ಸೀಟಿನ ಕೆಂಪು ಕಾರು, 1600 ಸಿಸಿ, 16 ವಾಲ್ವು, ಡಬಲ್ ಕ್ಯಾಮ್. ಚೆಂದದ ಗಾಡಿ, ಸುಳ್ಳು ಹೇಳಬಾರದು. ಎಲ್ಲಿಂದಲೋ 288 ಡಿಗ್ರಿ ಡ್ಯುರೇಶನ್ ಇರುವ ಕ್ಯಾಮ್ ಜೋಡಿ ತರಿಸಿ ಯಾವುದೋ ಗ್ಯಾರೇಜಿನಲ್ಲಿ ಹಾಕಿಸಿದ್ದ. ಜೂನ್ ತಿಂಗಳು, ಮಳೆ, ಶೆಡ್ ಮುಂದೆ ಬಂದು ನಿಂತ. ಕಾರು ಬಂದದ್ದು ಎರಡು ನಿಮಿಷ ಮೊದಲೇ ಗೊತ್ತಾಯಿತು, ತಗಡಿನ ಗೋಡೆ ನಡುಗುತ್ತಿತ್ತು.

"ಕಾಕಾ, ಕ್ಯಾಮ್ ಹಾಕ್ಸಿದ ಮ್ಯಾಲೆ ಗಾಡಿ ಮೊದಲಿನಕಿಂತ ನಿಧಾನ ಆಗೈತಿ" ಅಂದ.

ಓಡಿಸಿ ನೋಡಿದೆ. 4000ದವರೆಗೆ ಜೀವವೇ ಇಲ್ಲ. ಎರಡನೇ ಗೇರಿನಲ್ಲಿ ಆಟೋ ಹಿಂದೆ ಹೋಗಲಾಗದೆ ಅರ್ಧ ಕ್ಲಚ್ ಹಿಡಿದು ಎಳೆಯಬೇಕು. ಐಡ್ಲಿಂಗ್, ಅಂದರೆ ಗಾಡಿ ನಿಂತಾಗ ಎಂಜಿನ್ ತಿರುಗುವ ವೇಗ, 1400ಕ್ಕೆ ಇಟ್ಟಿದ್ದರು, ಆದರೂ ಎಸಿ ಹಾಕಿದರೆ ಆಫ್. ಇನ್ನೊಂದು ವಿಷಯ ಅವನು ಹೇಳಿರಲಿಲ್ಲ, ಅವನ ತಾಯಿ ಹೇಳಿದರು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವ ಇಳಿಜಾರಿನಲ್ಲಿ ಬ್ರೇಕ್ ಒಂದು ಸಲ ಒತ್ತಿದ, ಎರಡು ಸಲ ಒತ್ತಿದ, ಮೂರನೇ ಸಲ ಪೆಡಲ್ ಕಟ್ಟಿಗೆಯಂತೆ ಗಟ್ಟಿ. ವಾಚ್‌ಮನ್ ಕೂರುವ ಪ್ಲಾಸ್ಟಿಕ್ ಕುರ್ಚಿ ಎರಡು ತುಂಡು. ವಾಚ್‌ಮನ್ ಚಹಾಕ್ಕೆ ಹೋಗಿದ್ದ, ಪುಣ್ಯ. ಬ್ರೇಕ್ ಹಗುರಾಗುವುದು ಎಂಜಿನ್ ಎಳೆಯುವ ವ್ಯಾಕ್ಯೂಮ್‌ನಿಂದ ಅಲ್ವಾ? ಓವರ್‌ಲ್ಯಾಪ್ ಜಾಸ್ತಿ ಆದರೆ ಐಡ್ಲಿಂಗ್‌ನಲ್ಲಿ ಆ ವ್ಯಾಕ್ಯೂಮ್ ಬಿದ್ದುಹೋಗುತ್ತದೆ. ಕ್ಯಾಮ್ ಮಾರುವವರು ಇದನ್ನು ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕು ಅಂತ ನನ್ನ ಅಭಿಪ್ರಾಯ.

ತಾಯಿ ಕಾರಿನಲ್ಲಿ ಯಾಕಿದ್ದರು ಅಂದರೆ, ಮೊಣಕಾಲು ನೋವು, ಬಾಣೇರ್‌ನಲ್ಲಿ ಫಿಸಿಯೋಥೆರಪಿ, ಮಗ ಆಫೀಸಿಗೆ ಹೋಗುವಾಗ ದಿನಾ ಬಿಡುತ್ತಿದ್ದ. ಅವತ್ತು ಶೆಡ್‌ಗೂ ಬಂದಿದ್ದರು. "ನೋಡ್ರಿ, ಇದು ನಿಂತಾಗ ನನ್ನ ಹಲ್ಲಿನ ಸೆಟ್ಟ ಅಲಗಾಡತೈತಿ" ಅಂದರು.

ನಾನು ಎಂಜಿನ್ ಬಿಚ್ಚಲಿಲ್ಲ. ಅಕ್ಕಾರ, ನಿಮಗೊಂದು ಕೆಲಸ ಕೊಡ್ತೀನಿ ಅಂದೆ. ಮೀಟರ್ ತೋರಿಸಿದೆ. ಬಲಗಡೆಯ ಮುಳ್ಳು ನೋಡುತ್ತಿರಿ, ಎರಡು ನಿಮಿಷಕ್ಕೊಮ್ಮೆ ಎಷ್ಟಿದೆ ಅಂತ ಬರೆಯಿರಿ, ಒಂದು ವಾರ ಸಾಕು. ಅವರು ಏನೂ ಕೇಳಲಿಲ್ಲ. ಮೊಮ್ಮಗಳ ಗಣಿತದ ಚೌಕುಳಿ ಪುಸ್ತಕ ತಗೊಂಡರಂತೆ.

ಮುಂದಿನ ವಾರ ಆ ಪುಸ್ತಕ ನನ್ನ ಕೈಗೆ ಬಂತು. ಒಂದೊಂದು ಚೌಕದಲ್ಲಿ ಒಂದೊಂದು ಅಂಕಿ, ಅದೂ ಕನ್ನಡ ಅಂಕಿ, ಸಾವಿರದ ಲೆಕ್ಕದಲ್ಲಿ. ೧॥, ೨, ೨, ೧॥, ೨॥. ಒಂದೂವರೆಗೆ ಒಂದರ ಪಕ್ಕ ಎರಡು ಗೀಟು, ಹಳೆ ಅಂಗಡಿ ಲೆಕ್ಕದ ಹಾಗೆ. ಚಾಂದಣಿ ಚೌಕದ ಹತ್ತಿರ ಬಂದಾಗ ಸಾಲು ಸಾಲಾಗಿ "ನಿಂತದ", "ನಿಂತದ", "ನಿಂತದ". ಇಡೀ ಪುಸ್ತಕದಲ್ಲಿ ಮೂರು ದಾಟಿದ್ದು ಬೆರಳೆಣಿಕೆಯಷ್ಟು. ಆರು ಅನ್ನುವ ಅಂಕಿ ಒಂದೇ ಒಂದು ಸಲ. ಅದರ ಪಕ್ಕದಲ್ಲಿ ಟಿಪ್ಪಣಿ: "ಗಾಡಿ ನಿಂತಿತ್ತು. ಗೆಳೆಯರಿಗೆ ತೋರಿಸಿದ."

ಆ ಪುಸ್ತಕವನ್ನು ಅವನ ಮುಂದಿಟ್ಟೆ. ನಿನ್ನ ಕ್ಯಾಮ್ 4000ದಿಂದ ಮೇಲೆ ಕೆಲಸ ಮಾಡುತ್ತದೆ, ನೀನು 3000ದ ಕೆಳಗೆ ಜೀವನ ಮಾಡುತ್ತೀಯ, ಇಬ್ಬರೂ ಭೇಟಿಯೇ ಆಗಿಲ್ಲವಲ್ಲೋ ಅಂದೆ. ಭಾನುವಾರ ಲೋಣಾವಳಾಕ್ಕೆ ಹೋಗ್ತೀನಲ್ಲ ಕಾಕಾ ಅಂದ. ಹೋಗು, ನಾನೂ ಬರುತ್ತೇನೆ, ಆದರೆ ವಾರದ ಉಳಿದ ಆರು ದಿನ ಕ್ಲಚ್ ಪ್ಲೇಟಿನ ದುಡ್ಡು ಯಾರು ಕೊಡುತ್ತಾರೆ?

256 ಡಿಗ್ರಿ ಹಾಕಿದೆವು. ಐಡ್ಲಿಂಗ್ 900ಕ್ಕೆ ಬಂತು, ಬ್ರೇಕ್ ಹಗುರಾಯಿತು. 2500ದಲ್ಲಿ ಕಾಲಿಟ್ಟರೆ ಗಾಡಿ ಎದ್ದು ಹೋಗುತ್ತದೆ, 6500ದವರೆಗೆ ಚೆನ್ನಾಗಿಯೇ ಎಳೆಯುತ್ತದೆ. ಪಿಕಪ್ ಅಂದರೆ ಅದು. ಶಬ್ದ ಹೋಯಿತು ಅಂತ ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದ.

ಒಂದೇ ಕ್ಯಾಮ್‌ನಲ್ಲಿ ಊರೊಳಗಿನ ಪಿಕಪ್ಪೂ ಮೇಲಿನ ಆರ್‌ಪಿಎಂನ ಜೋರೂ ಎರಡೂ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಆಗುವ ಹಾಗಿದ್ದರೆ ಹೋಂಡಾದವರು 1989ರಲ್ಲಿ ವಿಟೆಕ್ ಅಂತ ಅಷ್ಟು ಕಷ್ಟಪಡುತ್ತಿರಲಿಲ್ಲ. ಇಂಟೆಗ್ರಾ ಕಾರಿಗೆ ಬಿ16ಎ ಎಂಜಿನ್, 1.6 ಲೀಟರ್, 160 ಕುದುರೆ. ಅದರ ಕ್ಯಾಮ್ ಮೇಲೆ ಸಣ್ಣ ಲೋಬೂ ಇದೆ, ದೊಡ್ಡ ಲೋಬೂ ಇದೆ. ಊರೊಳಗೆ ಸಣ್ಣದು, ಜೋರಾಗಿ ಹೋದಾಗ ಎಣ್ಣೆಯ ಒತ್ತಡದಿಂದ ಒಂದು ಪಿನ್ ಸರಿದು ದೊಡ್ಡದು. ಎಂಥ ಬುದ್ಧಿ ನೋಡಿ! ನಾನು ಮೊದಲ ಸಲ ಅಂಥ ಹೆಡ್ ಬಿಚ್ಚಿದ ದಿನ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ನಿಮ್ಮ ಗಾಡಿಯಲ್ಲಿ ಆ ವ್ಯವಸ್ಥೆ ಇಲ್ಲದಿದ್ದರೆ ನೀವೇ ಆರಿಸಬೇಕು. ಆರಿಸುವುದು ಹೇಗೆ? ಮುಳ್ಳು ನೋಡಿ, ಬರೆದಿಡಿ.

ಗಾಜಿನ ಆ ಕಡೆಯಿಂದ ಮೂರು ಬೆರಳು ತೋರಿಸುತ್ತಿದ್ದಾರೆ. ಮೂರು ನಿಮಿಷ. ಸರಿ, ಬೇಗ ಬೇಗ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ಡಿಗ್ರಿ ಕೇಳಿ ಮೋಸ ಹೋಗಬೇಡಿ. ಒಬ್ಬ 264 ಅಂತಾನೆ, ಇನ್ನೊಬ್ಬ 215 ಅಂತಾನೆ, ಎರಡೂ ಒಂದೇ ಕ್ಯಾಮ್ ಇರಬಹುದು. ವಾಲ್ವ್ ಅಲುಗಾಡಿದ ಕ್ಷಣದಿಂದ ಅಳೆದರೆ ದೊಡ್ಡ ಅಂಕಿ, ಒಂದು ಮಿಲಿಮೀಟರ್ ಎದ್ದ ಮೇಲೆ ಅಳೆದರೆ ಸಣ್ಣದು. ಎಷ್ಟು ಲಿಫ್ಟ್‌ನಲ್ಲಿ ಅಳೆದದ್ದು ಅಂತ ಕೇಳಿ. ಉತ್ತರ ಬರದಿದ್ದರೆ ಅಂಗಡಿಯಿಂದ ಎದ್ದು ಬನ್ನಿ. ದಿನಾ ಓಡಿಸುವ ಇಂಥ ಸಣ್ಣ ಎಂಜಿನ್‌ಗೆ ದೊಡ್ಡ ಅಂಕಿಯ ಲೆಕ್ಕದಲ್ಲಿ 256ರಿಂದ 264, ಅದರ ಮೇಲೆ ಬೇಡ. ಎರಡು ಲೋಬ್‌ಗಳ ನಡುವಿನ ಕೋನ, ಒಂದು ಗಾಳಿ ವಾಲ್ವಿನದು ಇನ್ನೊಂದು ಹೊಗೆ ವಾಲ್ವಿನದು, ಇದಕ್ಕೆ ಲೋಬ್ ಸೆಪರೇಶನ್ ಅಂತೀವಿ, ಅದು 112 ಡಿಗ್ರಿ ಆಸುಪಾಸು ಇದ್ದರೆ ಐಡ್ಲಿಂಗ್ ಮೆತ್ತಗೆ. 106ಕ್ಕೆ ಇಳಿದರೆ ಮತ್ತೆ ಹಲ್ಲಿನ ಸೆಟ್ಟು.

ಲಿಫ್ಟ್ ಜಾಸ್ತಿ ಆದರೆ ವಾಲ್ವ್ ಮುಚ್ಚುವ ಸ್ಪ್ರಿಂಗ್ ಕೂಡ ಬದಲಿಸಿ. ಹಳೆ ಸ್ಪ್ರಿಂಗ್ ಪೂರ್ತಿ ಒತ್ತಿ ಸುರುಳಿಗೆ ಸುರುಳಿ ತಾಗುತ್ತದೆ, ಇಲ್ಲಾ ಮೇಲಿನ ಆರ್‌ಪಿಎಂನಲ್ಲಿ ವಾಲ್ವ್ ಲೋಬಿನ ಹಿಂದೆ ಬರದೆ ತೇಲುತ್ತದೆ. ಪಿಸ್ಟನ್ ವಾಲ್ವಿಗೆ ಬಡಿಯುತ್ತದಾ ಅಂತ ನೋಡಲು ಮಕ್ಕಳ ಆಟದ ಮೇಣದ ಕ್ಲೇ ಸಾಕು. ಪಿಸ್ಟನ್ ಮೇಲೆ ಅಂಟಿಸಿ, ಹೆಡ್ ಕೂರಿಸಿ, ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಬ್ಲೇಡಿನಲ್ಲಿ ಕೊಯ್ದು ದಪ್ಪ ಅಳೆಯಿರಿ. ಇನ್‌ಟೇಕ್ ಅಂದರೆ ಗಾಳಿ ಬರುವ ಕಡೆ 2 ಮಿಲಿಮೀಟರ್, ಎಕ್ಸಾಸ್ಟ್ ಅಂದರೆ ಹೊಗೆ ಹೋಗುವ ಕಡೆ ಎರಡೂವರೆ, ಅದಕ್ಕಿಂತ ಕಡಿಮೆ ಇದ್ದರೆ ಸ್ಟಾರ್ಟ್ ಮಾಡಬೇಡಿ. ಸ್ವಲ್ಪ ಹೊಲಸು ಕೆಲಸ, ಆದರೆ ನನಗೆ ಬಹಳ ಇಷ್ಟ.

ಟೈಮಿಂಗ್ ಗುರುತು ನೋಡಿ ಕೂರಿಸಿದರೆ ಮುಗಿಯಲಿಲ್ಲ. ಡಿಗ್ರಿ ಪ್ಲೇಟ್, ಡಯಲ್ ಗೇಜ್ ಇಟ್ಟು ನೋಡುವ ಮೆಕ್ಯಾನಿಕ್ ಹುಡುಕಿ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದನ್ನು ಹೊಸ ಕ್ಯಾಮ್‌ಗೆ ಹೊಂದುವ ಹಾಗೆ ಮ್ಯಾಪ್ ಮಾಡಿಸಿ. ಮಾಡಿಸದಿದ್ದರೆ ಕಡಿಮೆ ವ್ಯಾಕ್ಯೂಮ್ ಕಂಡು, ಗಾಡಿ ಭಾರ ಎಳೆಯುತ್ತಿದೆ ಅಂದುಕೊಂಡು ಎಂಜಿನ್‌ಗೆ ಪೆಟ್ರೋಲ್ ಸುರಿಯುತ್ತದೆ, ಆಮೇಲೆ ಪಿಯುಸಿಯಲ್ಲಿ ಫೇಲ್. ಹಳೆ ಗಾಡಿ, ಲೋಬ್ ನೇರವಾಗಿ ಉಜ್ಜಿಕೊಂಡು ತಿರುಗುವ ಚಪ್ಪಟೆ ಟ್ಯಾಪೆಟ್ ಇದ್ದರೆ, ಹೊಸ ಕ್ಯಾಮ್ ಹಾಕಿ ಸ್ಟಾರ್ಟ್ ಮಾಡಿದ ಕೂಡಲೇ 2000ಕ್ಕೆ ಏರಿಸಿ ಇಪ್ಪತ್ತು ನಿಮಿಷ ಹಿಡಿಯಿರಿ, ಐಡ್ಲಿಂಗ್‌ಗೆ ಬಿಡಬೇಡಿ. ಜಿಂಕ್ ಇರುವ ಆಯಿಲ್ ಹಾಕಿ. ಗಾಡಿಯಲ್ಲಿ ಏನೇ ಬದಲು ಮಾಡುವ ಮೊದಲು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿಕೊಳ್ಳಿ, ಆರ್‌ಟಿಒದವರ ಮುಂದೆ ನನ್ನ ಹೆಸರು ಹೇಳಬೇಡಿ.

ಬೆರಳು ಒಂದಾಯಿತು. ಶೆಡ್‌ಗೆ ಬರುವವರು ಗುರುವಾರ ಬರಬೇಡಿ, ಭೋಸರಿಯಲ್ಲಿ ಅವತ್ತು ರಜೆ. ಬೇರೆ ದಿನ ಬನ್ನಿ, ಬರುವಾಗ ಪುಸ್ತಕ ತನ್ನಿ. ಒಂದು ವಾರದ ಮುಳ್ಳಿನ ಲೆಕ್ಕ ಇಲ್ಲದೆ ಬಂದರೆ ಚಹಾ ಕೊಟ್ಟು ವಾಪಸ್ ಕಳಿಸುತ್ತೇನೆ. ನಮಸ್ಕಾರ.